ಸರ್ಕಾರ ಬರೆದುಕೊಟ್ಟ ಸಾಲಚೀಟಿಯಿಂದ ಸರ್ಕಾರದ ಬಾಕಿ ತೀರಿಸಬಹುದೇ?

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ. ಸರ್ಕಾರವೇ ನಮಗೆ ಹಣ ಕೊಡಬೇಕಾಗಿರುವಾಗ, ಆ ಬಾಕಿಯನ್ನೇ ತೋರಿಸಿ ನಾವು ಸರ್ಕಾರಕ್ಕೆ ಕೊಡಬೇಕಾದುದನ್ನು ಚುಕ್ತಾ ಮಾಡಬಹುದೇ ಎಂಬುದು ಎಲ್ಲರ ಪ್ರಶ್ನೆ. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಇದೊಂದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, 2009ರಲ್ಲಿ ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೆವು. ಆ ಜುಲೈನಲ್ಲಿ ರಾಜ್ಯದ ಆದಾಯ ತೆರಿಗೆಯಿಂದ ನನಗೆ 1,800 ಡಾಲರ್ ಮರುಪಾವತಿ ಬರಬೇಕಿತ್ತು. ಅದು ಚೆಕ್ಕಿನ ಬದಲು ಐಒಯು ಎಂದು ಎಲ್ಲರೂ ಕರೆಯುತ್ತಿದ್ದ ಸಾಲಚೀಟಿಯಾಗಿ ಬಂತು. ಅದೇ ತಿಂಗಳ ಕೊನೆಯೊಳಗೆ ನನ್ನ ಪತ್ನಿಯ ಪುಟ್ಟ ಅಂಗಡಿಯ ಮಾರಾಟ ತೆರಿಗೆಯನ್ನು ಅದೇ ರಾಜ್ಯಕ್ಕೆ ಕಟ್ಟಬೇಕಿತ್ತು. ಚೀಟಿ ಮೇಜಿನ ಖಾನೆಯಲ್ಲಿ ಉಳಿಯಿತು, ತೆರಿಗೆಯನ್ನು ಉಳಿತಾಯದ ಹಣದಿಂದ ಕಟ್ಟಿದೆವು. ಈಗ ಮೈಸೂರಿಗೆ ಮರಳಿದ ಮೇಲೂ ಆ ಪ್ರಶ್ನೆ ಮನಸ್ಸಿನಲ್ಲಿದೆ: ಕೊಟ್ಟವರ ಚೀಟಿಯನ್ನು ಕೊಟ್ಟವರೇ ತೆಗೆದುಕೊಳ್ಳಬೇಕಲ್ಲವೇ?

ಉತ್ತರ: ನಿಮ್ಮ ಪ್ರಶ್ನೆ ಆ ಬೇಸಿಗೆಯಲ್ಲಿ ಸಾವಿರಾರು ಮನೆಗಳಲ್ಲಿ ಎದ್ದ ಪ್ರಶ್ನೆ. ನಿಮ್ಮ ಕೈಗೆ ಬಂದ ಕಾಗದದ ಅಧಿಕೃತ ಹೆಸರು ರಿಜಿಸ್ಟರ್ಡ್ ವಾರಂಟ್. ಸುಮಾರು 2,600 ಕೋಟಿ ಡಾಲರುಗಳ ಕೊರತೆಯನ್ನು ಹೇಗೆ ತುಂಬಬೇಕೆಂಬುದರಲ್ಲಿ ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗ್ಗರ್ ಮತ್ತು ಶಾಸನಸಭೆಯ ನಡುವೆ ಒಮ್ಮತ ಮೂಡಲಿಲ್ಲ. ಆಗ ಆ ರಾಜ್ಯದಲ್ಲಿ ಬಜೆಟ್ ಅಂಗೀಕಾರಕ್ಕೆ ಮೂರರಲ್ಲಿ ಎರಡು ಪಾಲಿನ ಬಹುಮತ ಬೇಕಾಗಿತ್ತು. ಹೀಗಾಗಿ ಹೊಸ ಹಣಕಾಸು ವರ್ಷದ ಎರಡನೆಯ ದಿನವಾದ ಜುಲೈ 2ರಂದು ರಾಜ್ಯದ ಕಂಟ್ರೋಲರ್ ಜಾನ್ ಚಿಯಾಂಗ್ ಈ ಚೀಟಿಗಳನ್ನು ಹೊರಡಿಸಲಾರಂಭಿಸಿದರು. ಬೊಕ್ಕಸದಲ್ಲಿದ್ದ ನಗದನ್ನು ರಾಜ್ಯ ಸಂವಿಧಾನವು ಮೊದಲ ಹಕ್ಕು ಕೊಟ್ಟಿರುವ ಶಾಲೆಗಳಿಗೆ ಮತ್ತು ಬಾಂಡುದಾರರಿಗೆ ಕಾಯ್ದಿರಿಸಬೇಕಾಗಿತ್ತು. ಆದುದರಿಂದ ತೆರಿಗೆ ಮರುಪಾವತಿ ಪಡೆಯಬೇಕಾದವರು, ಸರಕು ಒದಗಿಸಿದ ಸಣ್ಣ ವ್ಯಾಪಾರಿಗಳು, ಸ್ಥಳೀಯ ಸಂಸ್ಥೆಗಳು ಮತ್ತು ಕಾಲೇಜು ನೆರವಿಗೆ ಕಾದಿದ್ದ ವಿದ್ಯಾರ್ಥಿಗಳ ಪಾಲಿಗೆ ಕಾಗದವೇ ಬಂತು. ಸೆಪ್ಟೆಂಬರ್ ಹೊತ್ತಿಗೆ ಇಂಥ ಚೀಟಿಗಳ ಸಂಖ್ಯೆ ಸುಮಾರು ನಾಲ್ಕೂವರೆ ಲಕ್ಷಕ್ಕೂ, ಮೊತ್ತ ಸುಮಾರು 260 ಕೋಟಿ ಡಾಲರಿಗೂ ಮುಟ್ಟಿತ್ತು.

ಚೀಟಿಗೆ ವರ್ಷಕ್ಕೆ ಶೇ 3.75 ಬಡ್ಡಿಯಿತ್ತು. ಅಕ್ಟೋಬರ್ 2ಕ್ಕೆ ಹಣ ಸಿಗಬೇಕಿದ್ದುದು, ಜುಲೈ ಕೊನೆಯಲ್ಲಿ ಬಜೆಟ್ ತಿದ್ದುಪಡಿ ಆದ ಕಾರಣ ಸೆಪ್ಟೆಂಬರ್ 4ರಿಂದಲೇ ಸಿಗತೊಡಗಿತು. ನಿಮ್ಮ 1,800 ಡಾಲರಿಗೆ ಜುಲೈ 2ರಿಂದ ಆ ದಿನದವರೆಗಿನ 64 ದಿನಗಳ ಬಡ್ಡಿಯನ್ನು ಲೆಕ್ಕ ಹಾಕಿದರೆ 11 ಡಾಲರ್ 84 ಸೆಂಟ್ ಆಗುತ್ತದೆ. ನಷ್ಟವಾಗಲಿಲ್ಲವಲ್ಲ ಎಂದು ಹೇಳುವವರುಂಟು. ಆದರೆ ತಿಂಗಳ ಬಾಡಿಗೆಯೂ ತೆರಿಗೆಯೂ ಒಟ್ಟಿಗೆ ಎದುರಾದ ಮನೆಯಲ್ಲಿ ಹನ್ನೆರಡು ಡಾಲರಿನ ಬಡ್ಡಿಗಿಂತ ಕೈಯಲ್ಲಿ ನಗದಿಲ್ಲದ ಎರಡು ತಿಂಗಳೇ ದೊಡ್ಡದು. ದೊಡ್ಡ ಬ್ಯಾಂಕುಗಳು ಈ ಚೀಟಿಗಳನ್ನು ಜಮಾ ಮಾಡಿಕೊಳ್ಳಲು ಜುಲೈ 10ರವರೆಗೆ ಮಾತ್ರ ಒಪ್ಪಿದ್ದವು. ಆ ಬಳಿಕ ಬಹುಮಟ್ಟಿಗೆ ಸದಸ್ಯರೇ ಒಡೆಯರಾದ ಸಹಕಾರಿ ಬ್ಯಾಂಕುಗಳಂಥ ಕ್ರೆಡಿಟ್ ಯೂನಿಯನ್ನುಗಳೇ ಗತಿಯಾದವು.

ರಾಜ್ಯದ ಎಲ್ಲ ಇಲಾಖೆಗಳೂ ಈ ಚೀಟಿಯನ್ನು ತಮ್ಮ ಬಾಕಿಗೆ ಪಾವತಿಯೆಂದು ಸ್ವೀಕರಿಸಲೇಬೇಕೆಂಬ ಸಾಮಾನ್ಯ ಕಟ್ಟಳೆ ಅಂದಿನ ಕಾನೂನಿನಲ್ಲಿರಲಿಲ್ಲ. ಹಾಗೆ ಕಡ್ಡಾಯಗೊಳಿಸುವ ಮಸೂದೆಯೊಂದು ಅದೇ ವರ್ಷ ಶಾಸನಸಭೆಯ ಮುಂದೆ ಬಂತು. ಆದರೆ ಚೀಟಿಗಳಿಗೆ ಹಣ ಕೊಡಲು ಆರಂಭವಾಗುವ ಹೊತ್ತಿಗೆ ಅದು ಕಾನೂನಾಗಿರಲಿಲ್ಲ. ಅದಕ್ಕೆ ಎದುರಾಗಿ ಹೇಳಬಹುದಾದ ಮಾತು ಸರಳವಾಗಿದೆ: ಚೀಟಿ ಹೊರಡಿಸಿದ್ದೇ ನಗದು ಇಲ್ಲವೆಂದು, ಇನ್ನು ತೆರಿಗೆಯೂ ಚೀಟಿಯಾಗಿಯೇ ಹಿಂದಿರುಗಿದರೆ ಶಾಲೆಗೂ ಬಾಂಡಿಗೂ ಕೊಡಲು ಹಣ ಎಲ್ಲಿಂದ ಬರಬೇಕು? ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೂ ನನ್ನ ಅಭಿಪ್ರಾಯ ನಿಮ್ಮ ಕಡೆಗೇ ಇದೆ. ಚೀಟಿ ಪಡೆದವರು ಅದನ್ನು ಬೇಡವೆನ್ನುವಂತಿರಲಿಲ್ಲ. ಅದನ್ನು ಅವರ ಕೈಗಿತ್ತ ರಾಜ್ಯ ಮಾತ್ರ ಬೇಡವೆನ್ನಬಹುದಾಗಿತ್ತು. ಸಾಲದ ವ್ಯವಹಾರದಲ್ಲಿ ಇಂಥ ಏಕಪಕ್ಷೀಯ ಅನುಕೂಲವನ್ನು ಯಾವ ನ್ಯಾಯವೂ ಸುಲಭವಾಗಿ ಒಪ್ಪುವುದಿಲ್ಲ. ಕನಿಷ್ಠಪಕ್ಷ ಚೀಟಿ ಯಾರ ಹೆಸರಿನಲ್ಲಿದೆಯೋ ಅವರ ಸ್ವಂತ ಬಾಕಿಗಾದರೂ ಅದನ್ನು ವಜಾ ಹಾಕಿಕೊಳ್ಳುವ ಅವಕಾಶ ಇರಬೇಕಾಗಿತ್ತು. ಒಬ್ಬರ ಚೀಟಿ ಇನ್ನೊಬ್ಬರ ಕೈ ಸೇರಿ ಹಣದಂತೆ ಓಡಾಡುವ ಪ್ರಶ್ನೆ ಬೇರೆ, ಒಬ್ಬನ ಕೊಡು-ಕೊಳ್ಳು ಲೆಕ್ಕವನ್ನು ಸರಿದೂಗಿಸುವುದು ಬೇರೆ. ನಿಮ್ಮ ಪ್ರಸಂಗದಲ್ಲಿ ಚೀಟಿ ನಿಮ್ಮದು, ಬಾಕಿ ನಿಮ್ಮ ಪತ್ನಿಯದು. ಇಷ್ಟು ಸಣ್ಣ ವ್ಯತ್ಯಾಸವೂ ನಿಯಮ ಬರೆಯುವಾಗ ಮುಖ್ಯವಾಗುತ್ತದೆ.

ಇದನ್ನು ನಿಜವಾಗಿ ಮಾಡಿ ನೋಡಿದ ರಾಜ್ಯವೊಂದು ಅಮೆರಿಕದಲ್ಲೇ ಇದೆ. ಅದರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ಎರಡೂ ಮುಖಗಳು ಅಲ್ಲಿ ಕಾಣುತ್ತವೆ. ಅಂತರ್ಯುದ್ಧದಲ್ಲಿ ನೆಲಕಚ್ಚಿದ್ದ ವರ್ಜೀನಿಯಾ ರಾಜ್ಯವು ತನ್ನ ಹಳೆಯ ಸಾಲವನ್ನು ಹೊಸ ಬಾಂಡುಗಳಾಗಿ ಪರಿವರ್ತಿಸಲು 1871ರಲ್ಲಿ ಕಾಯ್ದೆ ಮಾಡಿತು. ಬಾಂಡಿಗೆ ಅಂಟಿಸಿದ ಬಡ್ಡಿಯ ಕೂಪನ್ನುಗಳನ್ನು, ಅವುಗಳ ದಿನ ತುಂಬಿದ ಮೇಲೆ, ರಾಜ್ಯಕ್ಕೆ ಸಲ್ಲಬೇಕಾದ ಎಲ್ಲ ತೆರಿಗೆ ಮತ್ತು ಬಾಕಿಗಳಿಗೆ ಪಾವತಿಯಾಗಿ ಸ್ವೀಕರಿಸುವುದಾಗಿ ಆ ಕಾಯ್ದೆಯಲ್ಲೇ ಮಾತು ಕೊಟ್ಟಿತು. ಬಾಂಡುದಾರರಲ್ಲಿ ನಂಬಿಕೆ ಹುಟ್ಟಿಸಲು ಇದಕ್ಕಿಂತ ಗಟ್ಟಿ ದಾರಿ ಇರಲಿಲ್ಲ. ರಾಜ್ಯ ಬಡ್ಡಿ ಕೊಡದಿದ್ದರೂ ಚಿಂತೆಯಿಲ್ಲ, ತೆರಿಗೆ ಕಟ್ಟುವವರಿಗೆ ಕೂಪನ್ ಮಾರಿ ಹಣ ಮಾಡಿಕೊಳ್ಳಬಹುದಿತ್ತು. ತೆರಿಗೆ ಕಟ್ಟುವವರಿಗೂ ಮುಖಬೆಲೆಗಿಂತ ಕಡಿಮೆಗೆ ಕೊಂಡ ಕೂಪನ್ ಪೂರ್ತಿ ಬೆಲೆಗೆ ಸಂದಾಯವಾಗುತ್ತಿತ್ತು. ಪರಿಣಾಮವಾಗಿ ತೆರಿಗೆಯ ದೊಡ್ಡ ಪಾಲು ಕಾಗದದ ತುಂಡುಗಳಾಗಿ ಬೊಕ್ಕಸಕ್ಕೆ ಬರತೊಡಗಿತು. ಶಿಕ್ಷಕರ ಸಂಬಳಕ್ಕೆ ನಗದು ಉಳಿಯಲಿಲ್ಲ. ಆ ದಶಕದ ಕೊನೆಯ ಹೊತ್ತಿಗೆ ಅನೇಕ ಸರ್ಕಾರಿ ಶಾಲೆಗಳು ಬಾಗಿಲು ಮುಚ್ಚಿದವು.

ಸಾಲವನ್ನು ಮರುಹೊಂದಿಸಲೇಬೇಕೆಂದು ಹೊರಟ ರೀಡ್‌ಜಸ್ಟರ್ ಪಕ್ಷ ಅಧಿಕಾರಕ್ಕೆ ಬಂದದ್ದು ಈ ಸಿಟ್ಟಿನಿಂದಲೇ. 1882ರಲ್ಲಿ ಹೊಸ ಕಾಯ್ದೆ ಬಂದು, ಕೂಪನ್ ತೆಗೆದುಕೊಳ್ಳಕೂಡದೆಂದು ತೆರಿಗೆ ಅಧಿಕಾರಿಗಳಿಗೆ ಕಟ್ಟಪ್ಪಣೆಯಾಯಿತು. ರಿಚ್ಮಂಡ್ ನಗರದ ಪಾಯಿಂಡೆಕ್ಸ್ಟರ್ ಎಂಬ ತೆರಿಗೆದಾರ ತನ್ನ ಹನ್ನೆರಡು ಚಿಲ್ಲರೆ ಡಾಲರುಗಳ ತೆರಿಗೆಗೆ ಕೂಪನ್ನುಗಳನ್ನೂ ಮಿಕ್ಕ ಸೆಂಟುಗಳಿಗೆ ನಾಣ್ಯವನ್ನೂ ಮುಂದಿಟ್ಟಾಗ ಅಧಿಕಾರಿ ಗ್ರೀನ್‌ಹೋ ಅದನ್ನು ನಿರಾಕರಿಸಿ, ಬಾಕಿದಾರನೆಂದು ಬಗೆದು ಅವನ ಕಚೇರಿಯ ಬರೆಯುವ ಮೇಜನ್ನು ಜಪ್ತಿ ಮಾಡಿಕೊಂಡು ಹೋದ. ಆ ಮೇಜನ್ನು ಹಿಂದಿರುಗಿಸಬೇಕೆಂದು ಹೂಡಿದ ದಾವೆಯೇ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1885ರಲ್ಲಿ ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ತೀರ್ಪು ಬಂತು: ಕೂಪನ್ ಸ್ವೀಕರಿಸುವೆವೆಂಬ ಮಾತು ಒಂದು ಕರಾರು, ಅದನ್ನು ಆಮೇಲಿನ ಕಾಯ್ದೆಯಿಂದ ಮುರಿಯುವಂತಿಲ್ಲ, ಕೂಪನ್ ಮುಂದಿಟ್ಟಾಗಲೇ ತೆರಿಗೆದಾರ ತನ್ನ ಕರ್ತವ್ಯ ಮುಗಿಸಿದ್ದಾನೆ, ಮೇಜನ್ನು ಒಯ್ದದ್ದು ತಪ್ಪು. ತೀರ್ಪು ಬಂದರೂ ತಗಾದೆ ನಿಲ್ಲಲಿಲ್ಲ. ಬಾಂಡುದಾರರೊಂದಿಗೆ ರಾಜಿಯಾಗಲು 1892 ಬರಬೇಕಾಯಿತು.

ಈ ಕಥೆಯಿಂದ ನಾನು ತಿಳಿದುಕೊಂಡದ್ದಿಷ್ಟು. ಸ್ವೀಕರಿಸುವ ಮಾತನ್ನು ಚೀಟಿ ಹೊರಡಿಸುವ ದಿನವೇ ಕಾನೂನಿನಲ್ಲಿ ಬರೆದಿರಬೇಕು, ಆಗ ಅದು ಪ್ರಜೆಯ ಹಕ್ಕಾಗುತ್ತದೆ. ಹಾಗೆ ಬರೆಯುವಾಗಲೇ ವರ್ಷಕ್ಕೆ ಎಷ್ಟು ಮೊತ್ತದವರೆಗೆ ಎಂಬ ಮಿತಿಯನ್ನೂ ಇಟ್ಟಿರಬೇಕು. ವರ್ಜೀನಿಯಾ ಮೊದಲನೆಯದನ್ನು ಮಾಡಿತು, ಎರಡನೆಯದನ್ನು ಮರೆಯಿತು. ಕ್ಯಾಲಿಫೋರ್ನಿಯಾದಲ್ಲಿ ಮೊದಲನೆಯದೇ ಇರಲಿಲ್ಲ.

ಇನ್ನೊಂದು ತೊಡಕನ್ನೂ ಹೇಳಬೇಕು. ಅಮೆರಿಕದ ಸಂವಿಧಾನವು ರಾಜ್ಯಗಳು ಹಣದಂತೆ ಚಲಾವಣೆಯಾಗುವ ಋಣಪತ್ರಗಳನ್ನು ಹೊರಡಿಸುವುದನ್ನು ನಿಷೇಧಿಸಿದೆ. ಮಿಸೌರಿ ರಾಜ್ಯ 1821ರಲ್ಲಿ ತೆರಿಗೆಗೆ ಸಲ್ಲುವ ಚಿಕ್ಕ ಚಿಕ್ಕ ಮುಖಬೆಲೆಯ ಸಾಲಪತ್ರಗಳನ್ನು ಹೊರಡಿಸಿದಾಗ, 1830ರಲ್ಲಿ ಸುಪ್ರೀಂ ಕೋರ್ಟ್ ಅವನ್ನು ಅಸಿಂಧುವೆಂದಿತು. ಆದರೆ ಟೆಕ್ಸಾಸಿನ ಖಜಾನೆ ವಾರಂಟುಗಳಿಂದ ರೈಲ್ವೆ ಕಂಪನಿಯೊಂದು ರಾಜ್ಯದ ಸಾಲ ತೀರಿಸಿದ್ದ ಪ್ರಕರಣದಲ್ಲಿ, ಅವು ಹಣವಾಗಿ ಚಲಾವಣೆಯಾಗಲೆಂದು ಹೊರಡಿಸಿದ್ದಲ್ಲವಾದ್ದರಿಂದ ಪಾವತಿ ಸರಿಯೇ ಎಂದು 1900ರಲ್ಲಿ ಅದೇ ಕೋರ್ಟ್ ಹೇಳಿತು. ಆದ್ದರಿಂದ ಹೆಸರಿಗೆ ಬರೆದ ಚೀಟಿಯನ್ನು ಅದೇ ವ್ಯಕ್ತಿಯ ಬಾಕಿಗೆ ಹಿಡಿದುಕೊಳ್ಳಲು ಸಂವಿಧಾನ ಅಡ್ಡಿಯಾಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಪ್ರಶ್ನೆ: ನಾನು ಹುಬ್ಬಳ್ಳಿಯ ಸಣ್ಣ ಗುತ್ತಿಗೆದಾರ. ರಾಜ್ಯದ ಇಲಾಖೆಯೊಂದರ ರಸ್ತೆ ಕೆಲಸ ಮುಗಿಸಿ ಹದಿನಾಲ್ಕು ತಿಂಗಳಾಯಿತು. ಎಂ.ಬಿ. (ಕೆಲಸದ ಅಳತೆ ಪುಸ್ತಕ) ಬರೆದಾಗಿದೆ, ಬಿಲ್ಲು ಪಾಸಾಗಿದೆ, ಕೇಳಿದಾಗಲೆಲ್ಲ ಎಲ್‌ಒಸಿ (ಹಣ ಬಿಡುಗಡೆಯ ಪತ್ರ) ಬಂದಿಲ್ಲ ಎನ್ನುತ್ತಾರೆ. ಬಿಲ್ಲಿನ ಮೊತ್ತ 10 ಲಕ್ಷ ರೂಪಾಯಿ. ಅದರ ಮೇಲಿನ ಜಿಎಸ್‌ಟಿ 1.80 ಲಕ್ಷವನ್ನು ಮಾತ್ರ ನಾನು ಬಡ್ಡಿಗೆ ಸಾಲ ತಂದು ಕಟ್ಟಿದ್ದೇನೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬಂತಾಗಿದೆ. ಪಾಸಾದ ಬಿಲ್ಲನ್ನೇ ತೋರಿಸಿ ಮುಂದಿನ ತೆರಿಗೆಯಲ್ಲಿ ಹಿಡಿದುಕೊಳ್ಳಿ ಎಂದು ಹೇಳಲು ಬರುವುದಿಲ್ಲವೇ?

ಉತ್ತರ: ನಿಮ್ಮ ಪತ್ರ ಓದಿ ಬಹಳ ನೋವಾಯಿತು. ಇಂಥ ಪತ್ರ ಇದೊಂದೇ ಅಲ್ಲ. ಆದರೆ ಸುಳ್ಳು ಭರವಸೆ ಕೊಡಲಾರೆ: ಇಂದಿನ ಕಾನೂನಿನಲ್ಲಿ ಹಾಗೆ ಹೇಳಲು ಬರುವುದಿಲ್ಲ. ಜಿಎಸ್‌ಟಿಯನ್ನು ಎಲೆಕ್ಟ್ರಾನಿಕ್ ನಗದು ಲೆಡ್ಜರಿನಿಂದ ಅಥವಾ ಹೂಡುವಳಿ ತೆರಿಗೆಯ (ಖರೀದಿಗಳ ಮೇಲೆ ಈಗಾಗಲೇ ಕೊಟ್ಟ ತೆರಿಗೆಯ) ಕ್ರೆಡಿಟ್ ಲೆಡ್ಜರಿನಿಂದ ಮಾತ್ರ ಕಟ್ಟಬಹುದು. ಇಲಾಖೆಯಿಂದ ನಿಮಗೆ ಬರಬೇಕಾದ ಬಾಕಿ ಈ ಎರಡು ಲೆಡ್ಜರುಗಳಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಬಿಲ್ಲಿನ ಮೊತ್ತ ಕೈಗೆ ಬರುವಾಗ ಇಲಾಖೆ ಮುರಿದುಕೊಳ್ಳುವ ಶೇ 2ರ ಜಿಎಸ್‌ಟಿ ಟಿಡಿಎಸ್ ನಿಮ್ಮ ನಗದು ಲೆಡ್ಜರಿಗೆ ಜಮೆಯಾಗುತ್ತದೆ ನಿಜ. ಆದರೆ ಅದೂ ಹಣ ಬಂದ ಮೇಲಿನ ಮಾತು.

ಇದಕ್ಕೊಂದು ಆಳವಾದ ಕಾರಣವಿದೆ. ಒಬ್ಬರ ಸಾಲವನ್ನು ಇನ್ನೊಬ್ಬರ ಸಾಲಕ್ಕೆ ವಜಾ ಹಾಕಬೇಕಾದರೆ ಕೊಡುವವರೂ ಕೊಳ್ಳುವವರೂ ಅವರಿಬ್ಬರೇ ಆಗಿರಬೇಕು. ನಿಮಗೆ ಹಣ ಕೊಡಬೇಕಾದುದು ರಾಜ್ಯ ಸರ್ಕಾರ. ನೀವು ಕಟ್ಟಿದ 1.80 ಲಕ್ಷದಲ್ಲಿ 90 ಸಾವಿರ ಕೇಂದ್ರದ ಪಾಲು, 90 ಸಾವಿರ ರಾಜ್ಯದ ಪಾಲು. ಕೇಂದ್ರದ ಪಾಲಿಗೆ ರಾಜ್ಯದ ಬಾಕಿಯನ್ನು ತೋರಿಸುವುದು ತಾತ್ವಿಕವಾಗಿಯೂ ಸಾಧ್ಯವಿಲ್ಲ. ರಾಜ್ಯದ ಪಾಲಿನ 90 ಸಾವಿರದ ವಿಷಯದಲ್ಲಿ ಮಾತ್ರ ನಿಮ್ಮ ವಾದಕ್ಕೆ ನ್ಯಾಯದ ಬಲವಿದೆ, ಕಾನೂನಿನ ಬಲ ಮಾತ್ರ ಇನ್ನೂ ಇಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಸರ್ಕಾರ ತನ್ನ ಅನುಕೂಲಕ್ಕೆ ಇದೇ ತತ್ವವನ್ನು ಬಹಳ ಹಿಂದೆಯೇ ಒಪ್ಪಿಕೊಂಡಿದೆ. 1961ರ ಆದಾಯ ತೆರಿಗೆ ಕಾಯ್ದೆಯ 245ನೇ ಕಲಮಿನ ಪ್ರಕಾರ ನಮಗೆ ಬರಬೇಕಾದ ಮರುಪಾವತಿಯನ್ನು, ಲಿಖಿತ ತಿಳಿವಳಿಕೆ ಕೊಟ್ಟು, ನಮ್ಮ ಹಳೆಯ ಬಾಕಿಗೆ ಹಿಡಿದುಕೊಳ್ಳಬಹುದಾಗಿತ್ತು. ತೆರಿಗೆದಾರನಿಗೆ ಅನ್ವಯಿಸುವ ಲೆಕ್ಕ ಇಲಾಖೆಗೂ ಅನ್ವಯಿಸಲಿ ಎಂದು ಕೇಳುವುದರಲ್ಲಿ ತಪ್ಪೇನಿದೆ? ರಾಜ್ಯ ಖಜಾನೆಯ ಗಣಕೀಕೃತ ವ್ಯವಸ್ಥೆಯಾದ ಖಜಾನೆ-2ರಲ್ಲಿ ಬಿಲ್ಲುಗಳೂ ಚಲನ್ನುಗಳೂ ಒಂದೇ ಗಣಕಜಾಲದಲ್ಲಿರುವ ಈ ಕಾಲದಲ್ಲಿ, ಪಾಸಾದ ಬಿಲ್ಲಿನ ಎದುರು ಅದೇ ಗುತ್ತಿಗೆದಾರನ ರಾಜ್ಯ ಬಾಕಿಯನ್ನು ಹೊಂದಿಸುವುದು ತಾಂತ್ರಿಕವಾಗಿ ಅಸಾಧ್ಯವೆಂದು ನಾನು ಒಪ್ಪುವುದಿಲ್ಲ. ಇದನ್ನು ಗುತ್ತಿಗೆದಾರರ ಸಂಘಗಳು ಬೇಡಿಕೆಯಾಗಿ ಮುಂದಿಡಬೇಕು.

ನೀವು ಈಗ ಮಾಡಬೇಕಾದುದನ್ನು ಹೇಳುತ್ತೇನೆ. ಬಿಲ್ಲು ಬಾಕಿಯಿದೆ ಎಂಬ ಕಾರಣಕ್ಕೆ ತೆರಿಗೆ ಕಟ್ಟುವುದನ್ನು ನೀವಾಗಿಯೇ ನಿಲ್ಲಿಸಬೇಡಿ. ತಡವಾದ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ ಬೀಳುತ್ತದೆ. ಇಷ್ಟು ಹಣ ಬಾಕಿಯಿದೆ ಎಂದು ಇಲಾಖೆಯಿಂದ ಸಹಿ ಸಹಿತ ಲಿಖಿತ ಉತ್ತರ ಪಡೆಯಿರಿ. ಹಣ ವಸೂಲಿಯ ದಾವೆಗೆ ಇರುವ ಮೂರು ವರ್ಷಗಳ ಕಾಲಮಿತಿ ಅಂಥ ಒಪ್ಪಿಗೆಯ ದಿನದಿಂದ ಹೊಸದಾಗಿ ಎಣಿಕೆಯಾಗುತ್ತದೆ, ಅದು ಕಾಲಮಿತಿ ಮುಗಿಯುವ ಮೊದಲೇ ಬಂದಿದ್ದರೆ. ಇಲಾಖೆಯೇ ಒಪ್ಪಿದ, ತಕರಾರಿಲ್ಲದ ಮೊತ್ತವಾದುದರಿಂದ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ ಹಾಕುವ ದಾರಿಯನ್ನೂ ವಕೀಲರೊಂದಿಗೆ ಚರ್ಚಿಸಿ. ನೀವು ಉದ್ಯಮ್ ನೋಂದಣಿ ಹೊಂದಿದ್ದರೆ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆ ಹೆಚ್ಚೆಂದರೆ 45 ದಿನಗಳೊಳಗೆ ಪಾವತಿಯಾಗಬೇಕೆಂದೂ, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕೆಂದೂ ಹೇಳುತ್ತದೆ. ಆದರೆ ಕಾಮಗಾರಿ ಗುತ್ತಿಗೆಗೆ ಈ ಕಾಯ್ದೆ ಅನ್ವಯಿಸುತ್ತದೆಯೇ ಎಂಬುದರಲ್ಲಿ ನ್ಯಾಯಾಲಯಗಳ ತೀರ್ಪುಗಳು ಒಂದೇ ತೆರನಾಗಿಲ್ಲ, ಬರೀ ಅದನ್ನೇ ನಂಬಿ ಕೂರಬೇಡಿ. ಮುಂದಿನ ಕೆಲಸಗಳಲ್ಲಿ ಜಿಎಸ್‌ಟಿ ಇನ್‌ವಾಯ್ಸನ್ನು ಯಾವ ದಿನಾಂಕಕ್ಕೆ ಎತ್ತಬೇಕೆಂಬುದನ್ನು ಗುತ್ತಿಗೆ ಕರಾರಿನ ಪಾವತಿ ಷರತ್ತಿನೊಡನೆ ಓದಿ, ಲೆಕ್ಕಪರಿಶೋಧಕರನ್ನು ಕೇಳಿಯೇ ತೀರ್ಮಾನಿಸಿ.

ರಾಜ್ಯ ಸರ್ಕಾರವೇ ಕ್ಯಾಲಿಫೋರ್ನಿಯಾದಂತೆ ಚೀಟಿ ಕೊಡಬಾರದೇಕೆ ಎಂದೂ ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ತಂದವರಿಗೆ, ಕೇಳಿದ ಕೂಡಲೇ ಹಣ ಕೊಡುವೆವೆಂಬ ಪತ್ರವನ್ನು ರಿಸರ್ವ್ ಬ್ಯಾಂಕ್ ಮತ್ತು ಕಾಯ್ದೆಯ ಅನುಮತಿಯಿರುವ ಕೇಂದ್ರ ಸರ್ಕಾರವನ್ನು ಬಿಟ್ಟು ಬೇರೆ ಯಾರೂ ಹೊರಡಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಕಾಯ್ದೆಯ 31ನೇ ಕಲಂ ಹೇಳುತ್ತದೆ. ರಾಜ್ಯಗಳ ಸಾಲಕ್ಕೂ ಸಂವಿಧಾನದ 293ನೇ ವಿಧಿಯ ಕಡಿವಾಣವಿದೆ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಯಂತ್ರಭಾಗಗಳನ್ನು ರಫ್ತು ಮಾಡುವ ಪುಟ್ಟ ಕಾರ್ಖಾನೆ. ರೊಡ್‌ಟೆಪ್ ಯೋಜನೆಯಲ್ಲಿ ನಮಗೆ ಬಂದ ಸ್ಕ್ರಿಪ್ ಕೂಡ ಸರ್ಕಾರದ ಸಾಲಚೀಟಿಯೇ ಅಲ್ಲವೇ? ಅದನ್ನು ಯಾವ ತೆರಿಗೆಗೆ ಬಳಸಬಹುದು?

ಉತ್ತರ: ನಮ್ಮ ದೇಶದಲ್ಲಿ ಈ ವಿಷಯಕ್ಕೆ ಅತ್ಯಂತ ಹತ್ತಿರದ ಉದಾಹರಣೆಯನ್ನೇ ನೀವು ಹಿಡಿದಿದ್ದೀರಿ. ರಫ್ತಾದ ಸರಕಿನಲ್ಲಿ ಅಡಗಿದ್ದ ಸುಂಕ ಮತ್ತು ತೆರಿಗೆಗಳನ್ನು ಹಿಂದಿರುಗಿಸುವ ಈ ಯೋಜನೆ 2021ರ ಜನವರಿ 1ರಿಂದ ಜಾರಿಗೆ ಬಂತು. ಸರ್ಕಾರ ಇಲ್ಲಿ ನಗದು ಕೊಡುವುದಿಲ್ಲ. ಕಸ್ಟಮ್ಸ್ ಇಲಾಖೆಯ ಐಸ್‌ಗೇಟ್ ಜಾಲತಾಣದಲ್ಲಿ ನಿಮ್ಮ ಹೆಸರಿನ ಲೆಡ್ಜರಿಗೆ ಕ್ರೆಡಿಟ್ ಹಾಕುತ್ತದೆ, ಅದನ್ನು ನೀವು ಸ್ಕ್ರಿಪ್ ಆಗಿ ಮಾಡಿಕೊಳ್ಳುತ್ತೀರಿ. ಅದರಿಂದ ಆಮದಿನ ಮೂಲ ಕಸ್ಟಮ್ಸ್ ಸುಂಕವನ್ನು ಮಾತ್ರ ಕಟ್ಟಬಹುದು. ಆಮದಿನ ಮೇಲೆ ಬೀಳುವ ಸಂಯೋಜಿತ ಜಿಎಸ್‌ಟಿ, ಅಂದರೆ ಐಜಿಎಸ್‌ಟಿಗೆ, ಆದಾಯ ತೆರಿಗೆಗೆ ಅದು ಸಲ್ಲುವುದಿಲ್ಲ. ನೀವು ಆಮದು ಮಾಡಿಕೊಳ್ಳದಿದ್ದರೆ ಆಮದುದಾರರೊಬ್ಬರಿಗೆ ಅದನ್ನು ವರ್ಗಾಯಿಸಬಹುದು. ಅವರು ಮುಖಬೆಲೆಗಿಂತ ಒಂದಿಷ್ಟು ಕಡಿಮೆ ಕೊಟ್ಟು ಕೊಳ್ಳುತ್ತಾರೆ, ಸುಂಕದ ಕಟ್ಟೆಯಲ್ಲಿ ಪೂರ್ತಿ ಬೆಲೆಗೆ ಬಳಸುತ್ತಾರೆ. ವರ್ಜೀನಿಯಾದ ಕೂಪನ್ ಮಾರುತ್ತಿದ್ದವರು ಮಾಡುತ್ತಿದ್ದುದೂ ಇದನ್ನೇ. ರಫ್ತಿನ ಹಣ ನಿಗದಿತ ಕಾಲದಲ್ಲಿ ವಿದೇಶದಿಂದ ಬಾರದಿದ್ದರೆ ಪಡೆದ ಲಾಭವನ್ನು ಹಿಂದಿರುಗಿಸಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ. ಸ್ಕ್ರಿಪ್ಪಿನ ಅವಧಿ ಮುಗಿಯುವ ದಿನಾಂಕದ ಮೇಲೂ ಕಣ್ಣಿರಲಿ.

ಪ್ರಶ್ನೆ: ನಾನು ಅರ್ಥಶಾಸ್ತ್ರದ ನಿವೃತ್ತ ಅಧ್ಯಾಪಕಿ, ಊರು ಶಿವಮೊಗ್ಗ. ತೆರಿಗೆಗೆ ಸಲ್ಲುತ್ತದೆ ಎಂಬ ಒಂದೇ ಕಾರಣದಿಂದ ಕಾಗದಕ್ಕೆ ಬೆಲೆ ಬರುತ್ತದೆ ಎಂದು ಕೆಲವರು ವಾದಿಸುತ್ತಾರೆ. ಇದು ಎಷ್ಟರಮಟ್ಟಿಗೆ ನಿಜ?

ಉತ್ತರ: ಅದೊಂದೇ ಕಾರಣವೆಂದು ನಾನು ಹೇಳಲಾರೆ, ಆದರೆ ಅದು ಬಲವಾದ ಕಾರಣ ಎಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಯಿದೆ. ಮ್ಯಾಸಚೂಸೆಟ್ಸ್ ವಸಾಹತು 1690ರಲ್ಲಿ, ಕ್ವಿಬೆಕ್ ದಂಡಯಾತ್ರೆಯಿಂದ ಬರಿಗೈಯಲ್ಲಿ ಮರಳಿದ ಸೈನಿಕರಿಗೆ ಸಂಬಳ ಕೊಡಲು ಕಾಗದದ ಪತ್ರಗಳನ್ನು ಹೊರಡಿಸಿ, ಅವನ್ನು ತೆರಿಗೆಗೆ ಸ್ವೀಕರಿಸುವುದಾಗಿ ಹೇಳಿತು. ಆಮೇಲೆ ಅಂಥ ಪಾವತಿಗೆ ಶೇ 5 ಹೆಚ್ಚುವರಿ ಬೆಲೆಯನ್ನೂ ಕೊಟ್ಟಿತು.

ಇದಕ್ಕಿಂತ ಸ್ಪಷ್ಟವಾದ ಹೋಲಿಕೆ ಅಮೆರಿಕದ ಅಂತರ್ಯುದ್ಧದ ಕಾಲದ್ದು. 1861-62ರಲ್ಲಿ ಒಕ್ಕೂಟ ಸರ್ಕಾರ ಒಟ್ಟು 6 ಕೋಟಿ ಡಾಲರುಗಳ ಡಿಮ್ಯಾಂಡ್ ನೋಟುಗಳನ್ನು ಹೊರಡಿಸಿತು. ಅವು ಆಮದು ಸುಂಕಕ್ಕೂ ಸಲ್ಲುತ್ತಿದ್ದವು. 1862ರಲ್ಲಿ ಬಂದ ಎರಡನೆಯ ಬಗೆಯ ನೋಟುಗಳು ಬಹುಪಾಲು ಸಾಲಗಳಿಗೆ ಕಾನೂನುಬದ್ಧ ಪಾವತಿಯಾಗಿದ್ದರೂ, ಆಮದು ಸುಂಕವನ್ನು ಮಾತ್ರ ಚಿನ್ನದಲ್ಲೇ ಕಟ್ಟಬೇಕಿತ್ತು. ಎರಡೂ ಹಸಿರು ಬೆನ್ನಿನ ಕಾಗದ, ಎರಡರ ಹಿಂದೆಯೂ ಇದ್ದುದು ಅದೇ ಸರ್ಕಾರ. 1864ರ ಜುಲೈ ಹೊತ್ತಿಗೆ ಎರಡನೆಯ ಬಗೆಯ ಒಂದು ಡಾಲರಿಗೆ ಚಿನ್ನದ ಲೆಕ್ಕದಲ್ಲಿ ನಲವತ್ತು ಸೆಂಟಿನಷ್ಟೂ ಬೆಲೆ ಉಳಿದಿರಲಿಲ್ಲ. ಮೊದಲನೆಯ ಬಗೆಯ ನೋಟನ್ನು ಸುಂಕದ ಕಟ್ಟೆ ಚಿನ್ನಕ್ಕೆ ಸಮನಾಗಿ ತೆಗೆದುಕೊಳ್ಳುತ್ತಿದ್ದ ಕಾರಣ, ವ್ಯಾಪಾರಿಗಳು ಅದನ್ನು ಹೆಚ್ಚಿನ ಬೆಲೆ ಕೊಟ್ಟು ಕೂಡಿಹಾಕಿ ಸುಂಕಕ್ಕೇ ಸಲ್ಲಿಸಿದರು. ಯುದ್ಧ ಮುಗಿಯುವುದಕ್ಕೆ ಮುಂಚೆಯೇ ಅವುಗಳಲ್ಲಿ ಬಹುಪಾಲು ಸರ್ಕಾರದ ಕೈಗೆ ಮರಳಿಬಂದಿದ್ದವು.